ಸಿಟ್ಟು ಮೊದಲು ಬರುವುದು ಮೈಗೋ, ಮನಸ್ಸಿಗೋ?

ಚಾರ್ಲ್ಸ್ ಡಾರ್ವಿನ್ ಒಮ್ಮೆ ಲಂಡನ್ನಿನ ಮೃಗಾಲಯದಲ್ಲಿ ತನ್ನ ಮೇಲೆಯೇ ಒಂದು ಪ್ರಯೋಗ ಮಾಡಿಕೊಂಡ. ಅಲ್ಲಿ ಪಫ್ ಆಡರ್ ಎಂಬ ವಿಷದ ಹಾವಿತ್ತು. ನಡುವೆ ದಪ್ಪ ಗಾಜು. ಡಾರ್ವಿನ್ ಗಾಜಿನ ಹತ್ತಿರಕ್ಕೆ ಮುಖ ತಂದು ನಿಂತ. ಹಾವು ಎರಗಿದರೂ ಒಂದಿಂಚೂ ಕದಲಬಾರದು ಎಂದು ಗಟ್ಟಿ ಮನಸ್ಸು ಮಾಡಿದ್ದ. ಹಾವು ಎರಗಿತು. ಅಷ್ಟರಲ್ಲಿ ಡಾರ್ವಿನ್ ಒಂದೆರಡು ಗಜ ಹಿಂದಕ್ಕೆ ಹಾರಿಯಾಗಿತ್ತು. ಭಾವನೆಗಳು ಮುಖದ ಮೇಲೆ ಹೇಗೆ ಕಾಣುತ್ತವೆ ಎಂಬುದರ ಬಗ್ಗೆ 1872ರಲ್ಲಿ ಹೊರಬಂದ ತನ್ನ ಪುಸ್ತಕದಲ್ಲಿ ಅವನು ಇದನ್ನು ಬರೆದಿದ್ದಾನೆ. ಎಂದೂ ಅನುಭವಿಸದ ಅಪಾಯವೊಂದರ ಬರೀ ಕಲ್ಪನೆಯ ಮುಂದೆ ತನ್ನ ಛಲವೂ ಬುದ್ಧಿಯೂ ಕೈಲಾಗದೆ ನಿಂತವು ಎನ್ನುತ್ತಾನೆ.

ಗಾಜು ಒಡೆಯುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮೈ ಹಾರಿತು. ಭಾವನೆಗಳ ಬಗ್ಗೆ ಎರಡು ಸಾವಿರ ವರ್ಷಗಳಿಂದ ನಡೆದು ಬಂದ ವಾದವೆಲ್ಲ ಈ ಒಂದು ನೆಗೆತದಲ್ಲಿದೆ. ಭಯ, ಸಿಟ್ಟು, ದುಃಖ ಇವೆಲ್ಲ ಮೈಯಲ್ಲಿ ತಾನಾಗಿ ಆಗುವ ಬದಲಾವಣೆಗಳೋ? ಅಥವಾ ಮನಸ್ಸು ಮಾಡುವ ತೀರ್ಮಾನಗಳೋ? ಬರೀ ಮೈಯದು ಎನ್ನುವುದಾದರೆ ಸಿಟ್ಟಿನಲ್ಲಿ ಕೂಗಾಡಿದವನನ್ನು ತಪ್ಪಿತಸ್ಥ ಎನ್ನುವಂತಿಲ್ಲ. ಜ್ವರ ಬಂದವನನ್ನು ಯಾರೂ ಬೈಯುವುದಿಲ್ಲವಲ್ಲ. ಬರೀ ತೀರ್ಮಾನ ಎನ್ನುವುದಾದರೆ, ನಡುಗುತ್ತಿರುವವನಿಗೆ ‘ಹೆದರಬೇಡ, ಏನೂ ಆಗಲ್ಲ’ ಎಂದು ಹೇಳಿದರೆ ಸಾಕಾಗಬೇಕಿತ್ತು. ಸಾಕಾಗುವುದಿಲ್ಲ, ಅಲ್ವಾ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಭಾವನೆಗೆ ಎರಡು ಪದರಗಳಿವೆ. ಒಂದು ನಮ್ಮನ್ನು ಕೇಳದೆ ಶುರುವಾಗುತ್ತದೆ. ಇನ್ನೊಂದು ನಾವು ಅದಕ್ಕೆ ಕೊಡುವ ಅರ್ಥ. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ನಮ್ಮ ಭಾವನೆಗಳ ಬಗ್ಗೆ ನಮಗೆ ಇಷ್ಟೊಂದು ಗೊಂದಲ, ಇಷ್ಟೊಂದು ನಾಚಿಕೆ.

ಮೊದಲು ಅರ್ಥದ ಪದರವನ್ನು ನೋಡೋಣ. ಕ್ರಿ.ಪೂ. 4ನೇ ಶತಮಾನದ ಅರಿಸ್ಟಾಟಲ್ ಸಿಟ್ಟಿಗೆ ಕೊಟ್ಟ ವಿವರಣೆ ಇವತ್ತಿಗೂ ಹಳತಾಗಿಲ್ಲ. ಯಾರೋ ನನ್ನನ್ನು, ಅಥವಾ ನನ್ನವರನ್ನು, ಕಾರಣವಿಲ್ಲದೆ ಕೀಳಾಗಿ ಕಂಡರು ಎಂಬ ನೋವು. ಅದಕ್ಕೆ ತಿರುಗಿ ಕೊಡಬೇಕು ಎಂಬ ಆಸೆ. ಇವೆರಡೂ ಕೂಡಿದರೆ ಸಿಟ್ಟು. ಇದರಲ್ಲಿ ಎಷ್ಟು ಯೋಚನೆ ಅಡಗಿದೆ ನೋಡಿ. ‘ಕೀಳಾಗಿ ಕಂಡರು’ ಎನ್ನುವುದು ಒಂದು ತೀರ್ಮಾನ. ‘ಕಾರಣವಿಲ್ಲದೆ’ ಎನ್ನುವುದು ಇನ್ನೊಂದು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಯಾರೋ ಜೋರಾಗಿ ತಳ್ಳಿದರು ಎನ್ನಿ. ರೇಗಿ ತಿರುಗುತ್ತೀರಿ. ಆ ಮನುಷ್ಯ ತಲೆಸುತ್ತಿ ಬೀಳುತ್ತಿದ್ದಾನೆ. ಸಿಟ್ಟು ಅಲ್ಲಿಗೇ ಇಳಿದು ಹೋಗುತ್ತದೆ. ಭುಜದ ನೋವು ಇದ್ದ ಹಾಗೇ ಇದೆ, ಎದೆಬಡಿತವೂ ಇನ್ನೂ ಜೋರಾಗಿದೆ. ಆದರೆ ‘ಬೇಕೆಂದೇ ತಳ್ಳಿದ’ ಎಂಬ ಮಾತು ಬಿದ್ದುಹೋಯಿತು, ಅದರ ಜೊತೆ ಸಿಟ್ಟೂ ಹೋಯಿತು.

ಪ್ರಾಚೀನ ಗ್ರೀಸ್‌ನಲ್ಲಿ ಹುಟ್ಟಿದ ಸ್ಟೋಯಿಕ್ ಎಂಬ ತತ್ವಪಂಥದವರು ಇದನ್ನು ಕೊನೆಯವರೆಗೂ ಎಳೆದರು. ಕ್ರಿ.ಪೂ. 3ನೇ ಶತಮಾನದ ಕ್ರಿಸಿಪ್ಪಸ್ ಪ್ರಕಾರ ಭಾವೋದ್ರೇಕ ಎಂದರೆ ತಪ್ಪು ತೀರ್ಮಾನವೇ. ಹಣ, ಹೆಸರು, ಮಾನ, ಪ್ರಾಣ ಇವೆಲ್ಲ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದನ್ನೇ ಬದುಕಿನ ಸರ್ವಸ್ವ ಎಂದುಕೊಳ್ಳುತ್ತೇವೆ, ಅದಕ್ಕೇ ಹೆದರುತ್ತೇವೆ, ಅದಕ್ಕೇ ಅಳುತ್ತೇವೆ. ತೀರ್ಮಾನ ಸರಿಮಾಡಿಕೊಂಡರೆ ಭಾವೋದ್ರೇಕ ಬೇರುಸಮೇತ ಹೋಗುತ್ತದೆ ಎಂಬುದು ಅವರ ವಾದ. ಅರಿಸ್ಟಾಟಲ್ ಇಷ್ಟು ದೂರ ಹೋಗಿರಲಿಲ್ಲ. ಸರಿಯಾದ ವ್ಯಕ್ತಿಯ ಮೇಲೆ, ಸರಿಯಾದ ಕಾರಣಕ್ಕೆ, ಸರಿಯಾದ ಹೊತ್ತಿನಲ್ಲಿ, ಸರಿಯಾದ ಅಳತೆಯಲ್ಲಿ ಸಿಟ್ಟಾಗುವುದು ಒಳ್ಳೆಯ ಗುಣ ಎಂದೇ ಅವನು ಹೇಳಿದ. ನಾನು ಈ ವಿಷಯದಲ್ಲಿ ಅರಿಸ್ಟಾಟಲನ ಕಡೆ. ಕಣ್ಣೆದುರೇ ಮಗುವಿಗೆ ಹೊಡೆಯುವುದನ್ನು ನೋಡಿ ಸಿಟ್ಟೇ ಬರಲಿಲ್ಲ ಎನ್ನುವವನ ಬಗ್ಗೆ ನನಗೆ ಗೌರವ ಹುಟ್ಟುವುದಿಲ್ಲ.

ಆದರೆ ಸ್ಟೋಯಿಕರಲ್ಲೇ ಒಬ್ಬ ಡಾರ್ವಿನ್ನನ ನೆಗೆತವನ್ನು ಮೊದಲೇ ಗುರುತಿಸಿದ್ದ. ಒಂದನೇ ಶತಮಾನದ ರೋಮಿನ ಸೆನೆಕಾ. ತಣ್ಣೀರು ಚಿಮುಕಿಸಿದರೆ ಮೈ ಜುಮ್ಮೆನ್ನುತ್ತದೆ. ಆಳವಾದ ಕಣಿವೆಯ ಅಂಚಿನಲ್ಲಿ ತಲೆ ತಿರುಗುತ್ತದೆ. ಕೆಟ್ಟ ಸುದ್ದಿ ಬಂದರೆ ಕೂದಲು ನಿಮಿರುತ್ತದೆ. ಇವೆಲ್ಲ ಎಂಥ ಜ್ಞಾನಿಗೂ ಆಗುತ್ತವೆ, ಇವನ್ನು ಬುದ್ಧಿಯಿಂದ ತಡೆಯಲಾಗದು ಎಂದು ಅವನು ಬರೆದ. ಸಿಟ್ಟಿಗೂ ಇಂಥ ಮೊದಲ ಅಲುಗಾಟ ಒಂದಿದೆ. ಅದು ಇನ್ನೂ ಸಿಟ್ಟಲ್ಲ. ‘ನನಗೆ ಅನ್ಯಾಯವಾಗಿದೆ, ನಾನು ಸೇಡು ತೀರಿಸಿಕೊಳ್ಳಬೇಕು’ ಎಂದು ಮನಸ್ಸು ಒಪ್ಪಿಗೆ ಕೊಡುವುದು ಎರಡನೇ ಹೆಜ್ಜೆ. ಸರಿಯೋ ತಪ್ಪೋ, ಏನೇ ಆಗಲಿ ಸೇಡು ಬೇಕೇ ಬೇಕು ಎಂದು ಕೈಮೀರುವುದು ಮೂರನೆಯದು. ತಡೆಯಲು ಜಾಗ ಇರುವುದು ಒಂದು ಮತ್ತು ಎರಡರ ನಡುವೆ. ಮೂರನೆಯದು ಬಂದ ಮೇಲೆ ಉಪದೇಶ ಕೇಳುವವರು ಯಾರೂ ಇರುವುದಿಲ್ಲ.

12ನೇ ಶತಮಾನದಲ್ಲಿ ಬಸವಣ್ಣನವರು ಕೋಪದ ಬಗ್ಗೆ ಹೇಳಿದ ವಚನದಲ್ಲೂ ಇದೇ ಗೆರೆ ಕಾಣುತ್ತದೆ. ಅಲ್ಲಿ ತನುವಿನ ಕೋಪ ಬೇರೆ, ಮನದ ಕೋಪ ಬೇರೆ. ಮೈಯ ಕೋಪದಿಂದ ಹಾಳಾಗುವುದು ಹಿರಿಯತನ. ಮನದ ಕೋಪದಿಂದ ಹಾಳಾಗುವುದು ಅರಿವು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಾಲುಗಳಿವು. ಮನಶ್ಶಾಸ್ತ್ರ ಓದಿದ ಮೇಲೆ ಇವು ಬೇರೆಯೇ ಬೆಳಕಿನಲ್ಲಿ ಕಾಣುತ್ತವೆ. ಅರಿವು ಕೆಡುವುದು ಮುಖ ಕೆಂಪಾದಾಗಲ್ಲ, ಮನಸ್ಸು ಆ ಕೆಂಪಿಗೆ ಒಂದು ಕಥೆ ಕಟ್ಟಿ ಅದನ್ನು ನಂಬಿದಾಗ.

ಇನ್ನು ಮೈಯ ಪದರ. 1884ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಒಂದು ಲೇಖನ ಬರೆದು ಎಲ್ಲವನ್ನೂ ತಲೆಕೆಳಗು ಮಾಡಿದ. ಕರಡಿ ಕಂಡು ಹೆದರುತ್ತೇವೆ, ಹೆದರಿ ಓಡುತ್ತೇವೆ ಎಂದು ನಾವು ತಿಳಿದಿದ್ದೇವೆ. ಜೇಮ್ಸ್ ಪ್ರಕಾರ ಮೈ ಮೊದಲು ಓಡುತ್ತದೆ, ನಡುಗುತ್ತದೆ. ಆ ಬದಲಾವಣೆಗಳು ಒಳಗೆ ತಿಳಿಯುವುದನ್ನೇ ನಾವು ಭಯ ಎನ್ನುತ್ತೇವೆ. ಅವನ ವಾದವನ್ನು ನೀವೇ ಪರೀಕ್ಷಿಸಿ ನೋಡಬಹುದು. ನಿಮಗಾದ ದೊಡ್ಡ ಭಯವೊಂದನ್ನು ನೆನಪಿಸಿಕೊಳ್ಳಿ. ಅದರಿಂದ ಎದೆಬಡಿತ ತೆಗೆಯಿರಿ. ಒಣಗಿದ ಬಾಯಿ, ಸೋತ ಕಾಲು, ಹೊಟ್ಟೆಯ ಸಂಕಟ ಒಂದೊಂದಾಗಿ ತೆಗೆಯಿರಿ. ಕೊನೆಗೆ ಏನು ಉಳಿಯಿತು? ‘ಅಪಾಯ ಇದೆ’ ಎಂಬ ತಣ್ಣನೆಯ ಮಾಹಿತಿ ಮಾತ್ರ. ಅದನ್ನು ಭಯ ಎನ್ನಲು ಬಾಯಿ ಬರುವುದಿಲ್ಲ. ಡೆನ್ಮಾರ್ಕಿನ ಕಾರ್ಲ್ ಲಾಂಗೆ ಮರುವರ್ಷ ಹೆಚ್ಚುಕಡಿಮೆ ಇದೇ ಮಾತನ್ನು ತನ್ನ ದಾರಿಯಲ್ಲಿ ಹೇಳಿದ.

ಮೈಯ ಈ ಗುರುತುಗಳನ್ನು ಬಹಳ ಹಿಂದೆಯೇ ಪಟ್ಟಿ ಮಾಡಿಟ್ಟವನು ಭರತ. ನಾಟ್ಯಶಾಸ್ತ್ರದಲ್ಲಿ ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ ಎಂಬ ಎಂಟು ಸ್ಥಾಯಿಭಾವಗಳಿವೆ. ಅವುಗಳ ನಡುವೆ ಬಂದು ಹೋಗುವ 33 ಸಂಚಾರಿ ಭಾವಗಳಿವೆ. ಅದರ ಜೊತೆ ಎಂಟು ಸಾತ್ವಿಕ ಭಾವಗಳು: ಮೈ ಮರಗಟ್ಟುವುದು, ಬೆವರು, ರೋಮಾಂಚ, ಗಂಟಲು ಕಟ್ಟುವುದು, ನಡುಕ, ಮುಖದ ಬಣ್ಣ ಕೆಡುವುದು, ಕಣ್ಣೀರು, ಮೂರ್ಛೆ. ಕೈಕಾಲು ಆಡಿಸಿದ ಹಾಗೆ ಇವನ್ನು ಬೇಕೆಂದಾಗ ತರಲು ಆಗುವುದಿಲ್ಲ. ನಟನ ಮನಸ್ಸು ಅದರಲ್ಲಿ ನೆಟ್ಟಿದ್ದರೆ ಮಾತ್ರ ಬರುತ್ತವೆ. ಇವತ್ತಿನ ವೈದ್ಯರು ಈ ಪಟ್ಟಿ ನೋಡಿದರೆ ಇದರಲ್ಲಿ ಬಹುಪಾಲು ಸ್ವಾಯತ್ತ ನರಮಂಡಲದ ಕೆಲಸ ಎನ್ನುತ್ತಾರೆ. ನಮ್ಮ ಅಪ್ಪಣೆಗೆ ಕಾಯದೆ ಹೃದಯ, ಬೆವರಿನ ಗ್ರಂಥಿ, ಕರುಳುಗಳನ್ನು ನಡೆಸುವ ವ್ಯವಸ್ಥೆ ಅದು. ರಂಗದ ಮೇಲಿನ ಮನುಷ್ಯನನ್ನು ಸುಮ್ನೆ ಗಮನಿಸಿ ಗಮನಿಸಿ ಇಷ್ಟು ಕರಾರುವಾಕ್ಕಾಗಿ ಹಿಡಿದರಲ್ಲ ಎಂದು ನನಗೆ ಪ್ರತಿ ಸಲ ಬೆರಗಾಗುತ್ತದೆ.

ಜೇಮ್ಸ್‌ನ ವಾದಕ್ಕೆ ಬಲವಾದ ಪೆಟ್ಟು ಕೊಟ್ಟವನು ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್. ಅಪಾಯ ಎದುರಾದಾಗ ದೇಹ ಹೋರಾಡಲು ಇಲ್ಲವೇ ಓಡಲು ಹೇಗೆ ಸಜ್ಜಾಗುತ್ತದೆ ಎಂದು ವಿವರಿಸಿದವನೂ ಅವನೇ. ಸಿಟ್ಟು ಬಂದರೂ ಎದೆ ಬಡಿಯುತ್ತದೆ, ಭಯವಾದರೂ ಬಡಿಯುತ್ತದೆ. ಹಾಗಿದ್ದರೆ ಬಡಿತದಿಂದಲೇ ಎರಡನ್ನೂ ಬೇರೆ ಮಾಡಿ ತಿಳಿಯುವುದು ಹೇಗೆ ಎಂದು ಅವನು 1927ರಲ್ಲಿ ಕೇಳಿದ. ಕರುಳು ಮುಂತಾದ ಒಳಾಂಗಗಳು ನಿಧಾನ, ಭಾವನೆ ಅದಕ್ಕಿಂತ ಬೇಗ ಬರುತ್ತದೆ ಎಂಬುದು ಅವನ ಇನ್ನೊಂದು ಆಕ್ಷೇಪ.

ಇಲ್ಲಿಂದ 1962ರ ಒಂದು ಪ್ರಸಿದ್ಧ ಪ್ರಯೋಗಕ್ಕೆ ಬರೋಣ. ಸ್ಟ್ಯಾನ್ಲಿ ಶಾಕ್ಟರ್ ಮತ್ತು ಜೆರೋಮ್ ಸಿಂಗರ್ ವಿದ್ಯಾರ್ಥಿಗಳಿಗೆ ವಿಟಮಿನ್ ಎಂದು ಹೇಳಿ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟರು. ಕೆಲವರಿಗೆ ‘ಎದೆ ಬಡಿಯಬಹುದು, ಕೈ ನಡುಗಬಹುದು’ ಎಂದು ಮೊದಲೇ ಹೇಳಿದರು. ಉಳಿದವರಿಗೆ ಹೇಳಲಿಲ್ಲ. ಆಮೇಲೆ ಪ್ರತಿಯೊಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಇನ್ನೊಬ್ಬನಿದ್ದ, ಅವನು ಸಂಶೋಧಕರ ಕಡೆಯವನೇ. ಕೆಲವರ ಮುಂದೆ ಅವನು ಖುಷಿಯಿಂದ ಕುಣಿದಾಡಿದ, ಕೆಲವರ ಮುಂದೆ ಸಿಡಿಮಿಡಿಗೊಂಡ. ಎದೆ ಯಾಕೆ ಬಡಿಯುತ್ತಿದೆ ಎಂದು ಗೊತ್ತಿಲ್ಲದವರಿಗೆ ಅವನ ಖುಷಿಯೋ ಸಿಟ್ಟೋ ಜಾಸ್ತಿ ಅಂಟಿತು, ಗೊತ್ತಿದ್ದವರಿಗೆ ಕಡಿಮೆ. ಮೈ ಬಿಸಿಯಾಗುತ್ತದೆ, ಅದಕ್ಕೆ ಹೆಸರು ಕೊಡುವುದು ಮನಸ್ಸು ಎಂದು ಅವರು ತೀರ್ಮಾನಿಸಿದರು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಮುಂದಿನದನ್ನೂ ಹೇಳಬೇಕು. 1970ರ ದಶಕದ ಕೊನೆಯಲ್ಲಿ ಬೇರೆಯವರು ಇದನ್ನು ಮತ್ತೆ ಮಾಡಿ ನೋಡಿದಾಗ ಇದೇ ಫಲಿತಾಂಶ ಬರಲಿಲ್ಲ. ಕಾರಣ ತಿಳಿಯದ ಎದೆಬಡಿತವನ್ನು ಜನ ಖುಷಿ ಎಂದುಕೊಳ್ಳುವುದಕ್ಕಿಂತ ಏನೋ ಕೆಟ್ಟದ್ದು ಎಂದುಕೊಳ್ಳುವತ್ತಲೇ ಹೆಚ್ಚು ವಾಲಿದರು. ಅಂದರೆ ಮೈ ಪೂರ್ತಿ ಖಾಲಿ ಹಾಳೆಯಲ್ಲ. ಮನಸ್ಸು ತನಗೆ ತೋಚಿದ್ದನ್ನೆಲ್ಲ ಅದರ ಮೇಲೆ ಬರೆಯಲು ಬರುವುದಿಲ್ಲ.

ಮಿದುಳಿನ ವಿಷಯದಲ್ಲೂ ಇಂಥದ್ದೇ ಒಂದು ತಿರುವು ಇದೆ. ‘ಭಯದ ಕೇಂದ್ರ ಅಮಿಗ್ಡಲಾ’ ಎಂಬ ಮಾತನ್ನು ನೀವು ಎಲ್ಲಾದರೂ ಓದಿರುತ್ತೀರಿ. ಕಿವಿಯ ನೇರಕ್ಕೆ ಮಿದುಳಿನ ಒಳಗೆ ಎರಡೂ ಬದಿಯಲ್ಲಿರುವ ಬಾದಾಮಿ ಆಕಾರದ ಸಣ್ಣ ಭಾಗ ಅದು. ಜೋಸೆಫ್ ಲೆಡೂ ಇಲಿಗಳ ಮೇಲೆ ಮಾಡಿದ ಕೆಲಸದಿಂದ ಒಂದು ಮುಖ್ಯ ಸಂಗತಿ ಗೊತ್ತಾಯಿತು. ಅಪಾಯದ ಸೂಚನೆ ಅಮಿಗ್ಡಲಾಕ್ಕೆ ಎರಡು ದಾರಿಯಲ್ಲಿ ತಲುಪುತ್ತದೆ: ಒಂದು ಚಿಕ್ಕದು, ಬೇಗ ಮುಟ್ಟುವಂಥದ್ದು, ಆದರೆ ಮಸುಕು, ಇನ್ನೊಂದು ಮಿದುಳಿನ ಹೊರಪದರದ ಮೂಲಕ ಬರುವ ಉದ್ದ ದಾರಿ, ಅದರಲ್ಲಿ ವಿವರ ಸ್ಪಷ್ಟ. ಗಾಜಿನ ಮುಂದೆ ನಿಂತ ಡಾರ್ವಿನ್ನನ ಮೈ ಯಾಕೆ ಮೊದಲು ಹಾರಿತು ಎನ್ನುವುದನ್ನು ಊಹಿಸಲು ಇದು ಸಾಕು.

ಆದರೆ ಅಮಿಗ್ಡಲಾ ಇಲ್ಲದಿದ್ದರೆ ಭಯವೇ ಇಲ್ಲವೇ? ಅಪರೂಪದ ಆನುವಂಶಿಕ ಕಾಯಿಲೆಯೊಂದರಿಂದ ಎರಡೂ ಅಮಿಗ್ಡಲಾ ನಾಶವಾದ ಒಬ್ಬ ಮಹಿಳೆಯನ್ನು ಅಮೆರಿಕದ ಸಂಶೋಧಕರು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಆಕೆಯನ್ನು ಹಾವು, ಜೇಡ ಮಾರುವ ಅಂಗಡಿಗೆ ಕರೆದೊಯ್ದರು. ಆಕೆ ಹಾವನ್ನು ಕೈಯಲ್ಲಿ ಹಿಡಿದು ಅದರ ನಾಲಿಗೆ ಮುಟ್ಟಿ ನೋಡಿದಳು. ಅಪಾಯದ ದೊಡ್ಡ ಹಾವುಗಳನ್ನೂ ಮುಟ್ಟಬಹುದೇ ಎಂದು ಮತ್ತೆ ಮತ್ತೆ ಕೇಳಿದಳು. ಭಯದ ಸುಳಿವೇ ಇಲ್ಲ, ಬರೀ ಕುತೂಹಲ. ಅಲ್ಲಿಗೆ ವಿಷಯ ಇತ್ಯರ್ಥವಾಯಿತು ಅನ್ನಿಸಿತ್ತು. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಕೆಗೆ 35 ಶೇಕಡಾ ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯನ್ನು ಒಂದು ಸಲ ಉಸಿರಾಡಲು ಕೊಟ್ಟರು. ಉಸಿರು ಕಟ್ಟಿದಂತಾಗುತ್ತದೆ, ಆದರೆ ಜೀವಕ್ಕೆ ಅಪಾಯವಿಲ್ಲ. ಆಕೆ ಬೆದರಿ, ಮುಖವಾಡ ತೆಗೆಯುವಂತೆ ಕೈ ಮಾಡಿ, ಸಹಾಯಕ್ಕೆ ಕೂಗಿದಳು. ಹಾವಿಗೆ ಹೆದರದ ಹೆಂಗಸು ತನ್ನದೇ ಉಸಿರಿಗೆ ಹೆದರಿದಳು. ಹೊರಗಿನ ಅಪಾಯವನ್ನು ಗುರುತಿಸಲು ಅಮಿಗ್ಡಲಾ ಬೇಕು. ಒಳಗಿನಿಂದ ಏಳುವ ದಿಗಿಲಿಗೆ ಅದಿಲ್ಲದೆಯೂ ದಾರಿಯಿದೆ. ಲೆಡೂ ಕೂಡ ಮುಂದೆ ತಮ್ಮ ಮಾತನ್ನು ತಿದ್ದಿಕೊಂಡರು. ಅಮಿಗ್ಡಲಾ ಬೆದರಿಕೆಗೆ ಮೈಯನ್ನು ಸಜ್ಜುಮಾಡುತ್ತದೆ, ‘ನನಗೆ ಭಯವಾಗುತ್ತಿದೆ’ ಎಂಬ ಅನುಭವ ಮೂಡಲು ಮಿದುಳಿನ ಬೇರೆ ಭಾಗಗಳೂ ಸೇರಬೇಕು ಎನ್ನುತ್ತಾರೆ ಅವರು.

ಮುಖಭಾವದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪಾಲ್ ಎಕ್‌ಮನ್ 1960ರ ದಶಕದ ಕೊನೆಯಲ್ಲಿ ಪಪುವಾ ನ್ಯೂಗಿನಿಯ ಫೋರೆ ಜನರಿಗೆ ಫೋಟೋಗಳನ್ನು ತೋರಿಸಿ, ಸಂತೋಷ, ದುಃಖ, ಸಿಟ್ಟು, ಭಯ, ಅಸಹ್ಯ, ಅಚ್ಚರಿ ಈ ಆರು ಎಲ್ಲ ಮನುಷ್ಯರಿಗೂ ಸಮಾನ ಎಂದರು. ಆದರೆ ಅದೇ ದೇಶದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾವು ಭಯ ಎನ್ನುವ ಕಣ್ಣರಳಿಸಿದ ಮುಖವನ್ನು ಅಲ್ಲಿನವರು ಬೆದರಿಕೆ ಹಾಕುವ ಮುಖ ಎಂದು ಓದಿದರು. ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಇನ್ನೂ ಮುಂದೆ ಹೋಗಿ, ಒಂದೊಂದು ಭಾವನೆಗೂ ಮೈಯಲ್ಲಾಗಲಿ ಮಿದುಳಿನಲ್ಲಾಗಲಿ ಒಂದೇ ಖಚಿತ ಗುರುತು ಇಲ್ಲ, ಹಳೆಯ ಅನುಭವ ಮತ್ತು ಕಲಿತ ಪರಿಕಲ್ಪನೆಗಳಿಂದ ಮಿದುಳು ಭಾವನೆಯನ್ನು ಆಗಿಂದಾಗ ಕಟ್ಟುತ್ತದೆ ಎನ್ನುತ್ತಾರೆ. ಈ ವಾದ ಇನ್ನೂ ಬಿಸಿಯಾಗಿಯೇ ಇದೆ. ಬ್ಯಾರೆಟ್ ಮೈಯ ಪಾಲನ್ನು ತುಸು ಕಡಿಮೆ ಮಾಡಿದರು ಎಂದು ನನಗನ್ನಿಸುತ್ತದೆ.

ಭಾವನೆ ಬೇಡವೇ ಬೇಡ, ಬುದ್ಧಿ ಒಂದೇ ಸಾಕು ಎನ್ನುವವರಿಗೆ ಇಲ್ಲೊಂದು ಉತ್ತರ ಕೊಡಲೇಬೇಕು. 18ನೇ ಶತಮಾನದ ಡೇವಿಡ್ ಹ್ಯೂಮ್ ಬುದ್ಧಿಯನ್ನು ಭಾವನೆಗಳ ಸೇವಕ ಎಂದ, ಹಾಗೇ ಇರಬೇಕು ಎಂದೂ ಹೇಳಿದ. ದಾರಿ ತೋರಿಸಲು ಬುದ್ಧಿಗೆ ಬರುತ್ತದೆ, ಎಲ್ಲಿಗೆ ಹೋಗಬೇಕು ಎಂದು ಹೇಳಲು ಬರುವುದಿಲ್ಲ ಎಂಬುದು ಅದರ ತಿರುಳು. ನರವೈದ್ಯ ಆಂಟೋನಿಯೊ ಡಮಾಸಿಯೊ ಇದನ್ನು ರೋಗಿಗಳಲ್ಲಿ ಕಂಡರು. ಹಣೆಯ ಹಿಂದಿನ ಮಿದುಳಿನ ಕೆಳಭಾಗಕ್ಕೆ ಪೆಟ್ಟಾದವರು ಅವರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಪಾಸು, ನೆನಪು ಸರಿ, ಮಾತು ಸರಿ. ಭಾವನೆ ಮಾತ್ರ ಮಂಕಾಗಿತ್ತು. ಅಂಥ ಒಬ್ಬರಿಗೆ ಮುಂದಿನ ಭೇಟಿಗೆ ಎರಡು ದಿನಾಂಕ ಕೊಟ್ಟು ಒಂದನ್ನು ಆರಿಸಿ ಎಂದರು. ಆ ಮನುಷ್ಯ ಸುಮಾರು ಅರ್ಧ ಗಂಟೆ ಎರಡೂ ದಿನಗಳ ಅನುಕೂಲ, ಅನಾನುಕೂಲ, ಬೇರೆ ಕೆಲಸ, ಹವಾಮಾನ ಎಲ್ಲ ಲೆಕ್ಕ ಹಾಕುತ್ತಲೇ ಇದ್ದ. ಕೊನೆಗೆ ಡಮಾಸಿಯೊ ‘ಎರಡನೇ ದಿನ ಬನ್ನಿ’ ಎಂದರು. ‘ಆಗಲಿ’ ಎಂದು ಎದ್ದು ಹೋದ. ಲೆಕ್ಕ ತಪ್ಪಿರಲಿಲ್ಲ. ‘ಇಷ್ಟು ಸಾಕು’ ಎಂದು ಒಳಗಿನಿಂದ ಹೇಳುವ ದನಿ ಇರಲಿಲ್ಲ.

ಹಾಗಾದರೆ ಸಿಟ್ಟು ಬಂದಾಗ ಏನು ಮಾಡಬೇಕು? ‘ಒಳಗಿಟ್ಟುಕೊಳ್ಳಬೇಡ, ಹೊರಗೆ ಹಾಕು’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಬ್ರಾಡ್ ಬುಷ್‌ಮನ್ 2002ರಲ್ಲಿ ಇದನ್ನು ಪರೀಕ್ಷಿಸಿದರು. ವಿದ್ಯಾರ್ಥಿಗಳು ಬರೆದ ಪ್ರಬಂಧವನ್ನು ಬೇಕೆಂದೇ ಹೀನಾಯವಾಗಿ ಟೀಕಿಸಿ ಅವರನ್ನು ರೇಗಿಸಲಾಯಿತು. ಒಂದು ಗುಂಪಿಗೆ, ಟೀಕಿಸಿದವನನ್ನೇ ನೆನೆಯುತ್ತ ಗುದ್ದುವ ಚೀಲಕ್ಕೆ ಗುದ್ದಲು ಹೇಳಿದರು. ಇನ್ನೊಂದು ಗುಂಪಿಗೆ ವ್ಯಾಯಾಮ ಎಂದುಕೊಂಡು ಗುದ್ದಲು ಹೇಳಿದರು. ಮೂರನೆಯವರು ಸುಮ್ಮನೆ ಕೂತರು. ಕೊನೆಗೆ ಎಲ್ಲರಿಗಿಂತ ಜಾಸ್ತಿ ಸಿಟ್ಟು ಉಳಿದದ್ದು ಟೀಕಿಸಿದವನನ್ನು ನೆನೆದು ಗುದ್ದಿದವರಲ್ಲಿ. ಸುಮ್ಮನೆ ಕೂತವರೇ ಮೇಲು. ಎರಡು ಪದರಗಳ ಲೆಕ್ಕದಲ್ಲಿ ನೋಡಿದರೆ ಇದು ಸಹಜವೇ: ಗುದ್ದಾಟ ಮೈಯನ್ನು ಬಿಸಿಯಾಗಿ ಇಡುತ್ತದೆ, ನೆನಪು ಕಥೆಯನ್ನು ಜೀವಂತ ಇಡುತ್ತದೆ.

ಅದುಮಿಡುವುದೂ ಮದ್ದಲ್ಲ. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1993ರಲ್ಲಿ ತೋರಿಸಿದ್ದು ಇದನ್ನೇ. ಅಸಹ್ಯ ಹುಟ್ಟಿಸುವ ದೃಶ್ಯ ನೋಡುವಾಗ ಮುಖದಲ್ಲಿ ಏನೂ ಕಾಣದಂತೆ ಇರಿ ಎಂದರೆ ಜನ ಇರಬಲ್ಲರು. ಆದರೆ ಒಳಗಿನ ಅಸಹ್ಯ ಕಡಿಮೆಯಾಗುವುದಿಲ್ಲ, ಮೈಯ ಒತ್ತಡದ ಕೆಲವು ಗುರುತುಗಳು ಏರುತ್ತವೆ. ಅದಕ್ಕಿಂತ ಕೆಲಸ ಮಾಡುವುದು ಅರ್ಥವನ್ನು ಬದಲಿಸುವುದು. ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೋ ಹಾಡಿಗೋ ಮುನ್ನ ‘ನಾನು ಉತ್ಸಾಹದಲ್ಲಿದ್ದೇನೆ’ ಎಂದುಕೊಂಡವರು ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ಚೆನ್ನಾಗಿ ಮಾಡಿದರು. ಬಡಿಯುವ ಎದೆಗೆ ಶಾಂತಿಯ ಕಥೆ ಒಗ್ಗುವುದಿಲ್ಲ, ಉತ್ಸಾಹದ ಕಥೆ ಒಗ್ಗುತ್ತದೆ. ಆರನ್ ಬೆಕ್, ಆಲ್ಬರ್ಟ್ ಎಲಿಸ್ ಕಟ್ಟಿದ ಮಾತಿನ ಚಿಕಿತ್ಸೆ ನಿಂತಿರುವುದೂ ಇಂಥದ್ದೇ ನೆಲದ ಮೇಲೆ. ನಮ್ಮನ್ನು ಕಲಕುವುದು ಘಟನೆಗಳಲ್ಲ, ಅವುಗಳ ಬಗ್ಗೆ ನಾವು ಮಾಡುವ ತೀರ್ಮಾನ ಎಂಬ ಸ್ಟೋಯಿಕ್ ಎಪಿಕ್ಟೀಟಸನ ಮಾತು ಅವರಿಬ್ಬರಿಗೂ ಪ್ರಿಯ.

ಇಷ್ಟೆಲ್ಲ ಹೇಳಿದ ಮೇಲೂ ದುಃಖ ಈ ಚೌಕಟ್ಟಿಗೆ ಪೂರ್ತಿ ಒಗ್ಗುವುದಿಲ್ಲ. ಹತ್ತಿರದವರು ಸತ್ತಾಗ ‘ದೊಡ್ಡ ನಷ್ಟವಾಯಿತು’ ಎಂಬ ತೀರ್ಮಾನ ತಪ್ಪಲ್ಲ. ಅದನ್ನು ತಿದ್ದಲು ಏನೂ ಇಲ್ಲ. ಹಾಗಿದ್ದೂ ವರ್ಷಗಳು ಕಳೆದಂತೆ ದುಃಖ ಕಡಿಮೆಯಾಗುತ್ತದೆ. ಸತ್ತವರು ಸತ್ತೇ ಇದ್ದಾರೆ, ನಷ್ಟ ಅಷ್ಟೇ ಇದೆ, ತೀರ್ಮಾನವೂ ಬದಲಾಗಿಲ್ಲ. ಮತ್ತೆ ದುಃಖ ಇಳಿದದ್ದು ಯಾಕೆ? ಭಾವನೆ ಎಂದರೆ ತೀರ್ಮಾನವೇ ಎಂದು ಸಾರಿದ ಕ್ರಿಸಿಪ್ಪಸ್‌ನೇ ಈ ಪ್ರಶ್ನೆಯ ಮುಂದೆ ತಡವರಿಸಿದ. ತೀರ್ಮಾನ ಹಾಗೇ ಇರುತ್ತದೆ, ಒಳಗಿನ ಕುಗ್ಗುವಿಕೆ ಸಡಿಲವಾಗುತ್ತದೆ, ಇದು ಹೇಗೆ ಎಂದು ವಿವರಿಸುವುದು ಕಷ್ಟ ಎಂದು ಒಪ್ಪಿಕೊಂಡ. ಇಂದಿನ ತತ್ವಶಾಸ್ತ್ರಜ್ಞರೂ ಇದರ ಬಗ್ಗೆ ಬರೆಯುತ್ತಲೇ ಇದ್ದಾರೆ. ಅತ್ತು ಹಗುರಾದದ್ದಕ್ಕೆ, ಒಂದು ದಿನ ನಕ್ಕುಬಿಟ್ಟದ್ದಕ್ಕೆ ತಮ್ಮನ್ನೇ ದೂರಿಕೊಳ್ಳುವ ಬಹಳ ಜನ ಇದ್ದಾರೆ. ಪ್ರೀತಿ ಕಡಿಮೆಯಾಯಿತೇನೋ ಎಂದು ಅವರಿಗೆ ಅಳುಕು. ಎರಡು ಪದರಗಳನ್ನು ಬೇರೆ ಮಾಡಿ ನೋಡಿದರೆ ಆ ಅಳುಕಿಗೆ ಆಧಾರವಿಲ್ಲ. ಇಳಿದದ್ದು ಮೈಯ ಪದರ: ನಿದ್ದೆ ಮರಳಿತು, ಹಸಿವು ಮರಳಿತು, ಎದೆಯ ಭಾರ ಇಳಿಯಿತು. ‘ಅವರಂಥವರು ಮತ್ತೆ ಸಿಗುವುದಿಲ್ಲ’ ಎಂಬ ಮಾತನ್ನು ಅವರು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.